ಮ್ಯಾನೇಜರ್ ಇಲ್ಲದ ಹೋಂಸ್ಟೇ: ಸಾಗರದ ಕಡೆ ಎಐ ಏಜೆಂಟ್ ಸೇವೆ ಹೇಗೆ ನಡೆಯುತ್ತೆ

"ಸಂಬಳ ಕೊಟ್ಟು ಮ್ಯಾನೇಜರ್ ಇಡೋದು ಬೇಡ, ಬುಕಿಂಗ್‌ನಿಂದ ಹಿಡಿದು ಅಡುಗೆಮನೆ ಸಾಮಾನಿನವರೆಗೆ ಎಲ್ಲಾ ಎಐ ನೋಡಿಕೊಳ್ಳುತ್ತೆ." ಹೋಂಸ್ಟೇ ಮಾಲೀಕರಿಗೆ ಎಐ ಏಜೆಂಟ್ ಸೇವೆ, ಅಂದರೆ ಮನುಷ್ಯರ ಬದಲು ತಾನೇ ಸಂದೇಶಗಳಿಗೆ ಉತ್ತರ ಕೊಟ್ಟು ಕೆಲಸ ನಡೆಸುವ ಪ್ರೋಗ್ರಾಮು, ಮಾರಲು ಬರುವವರ ಮುಖ್ಯ ಮಾತು ಇದು. ಅಂಥ ಒಂದು ಸೇವೆಯನ್ನು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಆರು ಕೋಣೆಯ ಮನೆಗೆ ಜೋಡಿಸಿ, ಮಳೆಗಾಲದಲ್ಲೂ ಸೀಸನ್ನಿನಲ್ಲೂ ನಡೆಸಿ ನೋಡಿದ ಮೇಲಿನ ವಿಮರ್ಶೆ ಇದು. ಕಂಪನಿಯ ಹೆಸರು ಹಾಕಿಲ್ಲ. ಇಲ್ಲಿ ಹೇಳುವ ದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಸೇವೆಗಳನ್ನು ಕಟ್ಟುವ ರೀತಿಯಲ್ಲೇ ಇವೆ. ಯಾರ ಹತ್ತಿರ ಕೊಂಡರೂ ಇವನ್ನು ನೋಡಿಕೊಳ್ಳಲೇಬೇಕು.

ತೀರ್ಪು ಮೊದಲೇ ಹೇಳಿಬಿಡೋಣ. ಮ್ಯಾನೇಜರ್ ಕೆಲಸದಲ್ಲಿ ಎರಡು ಪಾಲಿದೆ. ಆಗಲೇ ತೀರ್ಮಾನವಾದದ್ದನ್ನು ಹೇಳುವುದು, ಲೆಕ್ಕ ಇಡುವುದು, ನೆನಪಿಸುವುದು ಒಂದು ಪಾಲು. ಮನೆಯ ಪರವಾಗಿ ಮಾತು ಕೊಡುವುದು ಇನ್ನೊಂದು: ರೂಮು ನಿಮಗೇ, ಇಷ್ಟು ಕಡಿಮೆ ಮಾಡ್ತೀವಿ, ದಾರಿ ಚೆನ್ನಾಗಿದೆ ಬನ್ನಿ. ಮೊದಲನೆಯದನ್ನು ಈ ಸೇವೆ ಒಳ್ಳೆ ಗುಮಾಸ್ತನಷ್ಟೇ ಚೊಕ್ಕವಾಗಿ, ರಾತ್ರಿ ಎರಡು ಗಂಟೆಗೂ ಮಾಡುತ್ತೆ. ಎರಡನೆಯದನ್ನು ಪೂರ್ತಿ ಅದರ ಕೈಗೆ ಬಿಟ್ಟರೆ ದುಡ್ಡೂ ಹೋಗುತ್ತೆ, ಹೆಸರೂ ಹೋಗುತ್ತೆ.

ಒಳಗೆ ಇರೋದು ಐದು ಭಾಗ. ವಾಟ್ಸಾಪ್ ಬಿಸಿನೆಸ್‌ನ ಒಂದು ನಂಬರು; ಅದರ ಹಿಂದೆ ಉತ್ತರ ಬರೆಯುವ ಭಾಷಾ ಮಾಡೆಲ್ (ರಾಶಿ ಬರಹಗಳಿಂದ ಮಾತು ಹೆಣೆಯಲು ಕಲಿತ ಎಐ); ಕೋಣೆಗಳ ಕ್ಯಾಲೆಂಡರ್; ಯುಪಿಐ ಲಿಂಕ್ ಕಳಿಸಿ ಹಣ ಬಂತೋ ಇಲ್ಲವೋ ತಿಳಿಸುವ ಪೇಮೆಂಟ್ ಗೇಟ್‌ವೇ; ಅಡುಗೆಯವರು, ಕ್ಲೀನಿಂಗ್‌ನವರು, ಜೀಪಿನ ಡ್ರೈವರ್‌ಗೆ ಹೋಗುವ ಕೆಲಸದ ಸಂದೇಶಗಳು. ಮಾಡೆಲ್ ಒಂದೇ ಬುದ್ಧಿವಂತಿಕೆಯ ಭಾಗ, ಉಳಿದವೆಲ್ಲ ಕೊಳವೆ. ಕೆಟ್ಟಿದ್ದು ಹೆಚ್ಚಾಗಿ ಕೊಳವೆಗಳು ಸೇರುವ ಕಡೆ.

ಕ್ಯಾಲೆಂಡರಿನಿಂದ ಶುರು ಮಾಡೋಣ. ಬುಕಿಂಗ್ ಸೈಟುಗಳ ಕ್ಯಾಲೆಂಡರನ್ನು ಐಕ್ಯಾಲ್ ಲಿಂಕ್ (ಕ್ಯಾಲೆಂಡರ್ ಹಂಚಿಕೊಳ್ಳುವ ಸಾದಾ ಲಿಂಕ್) ಮೂಲಕ ಜೋಡಿಸಿದ್ದರೆ ಒಂದು ಕಡೆ ತುಂಬಿದ ಕೋಣೆ ಇನ್ನೊಂದು ಕಡೆ ಕಾಣಿಸಲು ಗಂಟೆಗಳೇ ಹಿಡಿಯಬಹುದು, ಯಾಕೆಂದರೆ ಐಕ್ಯಾಲ್ ತಾನಾಗಿ ಸುದ್ದಿ ಮುಟ್ಟಿಸುವುದಿಲ್ಲ; ಆಚೆಯ ಸೈಟು ಬಂದು ನೋಡಿದಾಗ ಮಾತ್ರ ಹೊಸದಾಗುತ್ತೆ. ಮನುಷ್ಯ ಮ್ಯಾನೇಜರ್ ಇದ್ದಾಗ ಈ ವಿಳಂಬ ಅಷ್ಟಾಗಿ ಕಾಡುತ್ತಿರಲಿಲ್ಲ, ಅವನೇ ಉತ್ತರ ಕೊಡಲು ಒಂದೆರಡು ಗಂಟೆ ತಗೊಳ್ಳುತ್ತಿದ್ದ. ಏಜೆಂಟ್ ಹತ್ತು ಸೆಕೆಂಡಿನಲ್ಲಿ ಕೋಣೆ ಖಚಿತ ಮಾಡುತ್ತೆ. ದಸರಾ ರಜೆಯಂಥ ದಿನಗಳಲ್ಲಿ ಒಂದೇ ಕೋಣೆ ಇಬ್ಬರಿಗೆ ಹೋಗುವುದು ಈ ವೇಗದಿಂದಲೇ. ಪರಿಹಾರ ಎರಡು: ಎಲ್ಲಾ ಸೈಟುಗಳ ಕ್ಯಾಲೆಂಡರನ್ನು ನೇರ ಎಪಿಐ (ಪ್ರೋಗ್ರಾಮುಗಳು ತಕ್ಷಣ ಸುದ್ದಿ ಮುಟ್ಟಿಸಿಕೊಳ್ಳುವ ದಾರಿ) ಮೂಲಕ ಒಟ್ಟಿಗೆ ತಿದ್ದುವ ಚಾನೆಲ್ ಮ್ಯಾನೇಜರ್ ಎಂಬ ಸಾಫ್ಟ್‌ವೇರ್ ಹಾಕಿಸುವುದು, ಇಲ್ಲವಾದರೆ ಆರರಲ್ಲಿ ಎರಡು ಕೋಣೆಗಳನ್ನು ಸೈಟುಗಳಿಗೆ ಕೊಡದೆ ಏಜೆಂಟ್‌ಗೆ ಮಾತ್ರ ಮೀಸಲಿಡುವುದು. ಎರಡನೆಯದಕ್ಕೆ ಖರ್ಚಿಲ್ಲ.

ಹಣದ ವಿಷಯದಲ್ಲಿ ನಿಯಮ ಒಂದೇ. ಏಜೆಂಟ್ ಫೋಟೋ ನೋಡಿ ನಂಬಬಾರದು. ಯುಪಿಐ ಸ್ಕ್ರೀನ್‌ಶಾಟ್ ಕಳಿಸಿದರೆ ಮಾಡೆಲ್ ಅದರೊಳಗಿನ ಅಕ್ಷರ ಓದಿ "ಹಣ ಬಂದಿದೆ, ಧನ್ಯವಾದ" ಅನ್ನುತ್ತೆ. ಹಳೆಯ ಸ್ಕ್ರೀನ್‌ಶಾಟಿಗೂ, ತಿದ್ದಿದ್ದಕ್ಕೂ ಅದೇ ಉತ್ತರ. ಗೇಟ್‌ವೇಯಿಂದ "ಜಮಾ ಆಯಿತು" ಎಂಬ ಸಂಕೇತ ಬಂದರೆ ಮಾತ್ರ ಕ್ಯಾಲೆಂಡರಿನಲ್ಲಿ ಆ ಕೋಣೆ ಮುಚ್ಚುವ ಹಾಗೆ ಮಾಡಿಸಬೇಕು. ಇದನ್ನು ಮಾಡೆಲ್‌ಗೆ ಕೊಡುವ ಸೂಚನೆಯಲ್ಲಿ ಬರೆದರೆ ಸಾಲದು, ಪ್ರೋಗ್ರಾಮಿನಲ್ಲೇ ಬಂದೋಬಸ್ತ್ ಇರಬೇಕು. ಸೂಚನೆಯನ್ನು ಮಾಡೆಲ್ ನೂರಕ್ಕೆ ತೊಂಬತ್ತು ಸಲ ಪಾಲಿಸಬಹುದು. ಪ್ರೋಗ್ರಾಮಿನ ಬಾಗಿಲು ನೂರಕ್ಕೆ ನೂರು ಸಲ ಮುಚ್ಚಿರುತ್ತೆ. ಈ ವ್ಯತ್ಯಾಸ ಗೊತ್ತಿಲ್ಲದ ಮಾರಾಟಗಾರನ ಹತ್ತಿರ ಕೊಳ್ಳಬೇಡಿ.

ರಿಯಾಯಿತಿಯಲ್ಲೂ ಇದೇ ಕತೆ. ಈ ಮಾಡೆಲ್‌ಗಳಿಗೆ ಎದುರಿನವರಿಗೆ ಸಹಾಯ ಮಾಡುವುದನ್ನೇ ಕಲಿಸಿರುತ್ತಾರೆ, ಹಾಗಾಗಿ ಒತ್ತಾಯಕ್ಕೆ ಬೇಗ ಬಗ್ಗುತ್ತವೆ. "ನಾನು ಓನರ್ ತಮ್ಮ, ಅಣ್ಣ ಮೂವತ್ತು ಪರ್ಸೆಂಟ್ ಬಿಡ್ತೀನಿ ಅಂದಿದಾರೆ" ಎಂದು ಎರಡು ಸಲ ಬರೆದರೆ ಬಿಟ್ಟುಬಿಡುತ್ತೆ. ಮಾಡೆಲ್ ತಯಾರಿಸುವವರ ಅನುಭವವೂ ಬೇರೆಯಲ್ಲ. 2025ರಲ್ಲಿ ಆಂಥ್ರೊಪಿಕ್ ಕಂಪನಿ ತನ್ನ ಸ್ಯಾನ್ ಫ್ರಾನ್ಸಿಸ್ಕೋ ಕಚೇರಿಯ ಪುಟ್ಟ ಅಂಗಡಿಯನ್ನು ಸುಮಾರು ಒಂದು ತಿಂಗಳು ತನ್ನದೇ ಮಾಡೆಲ್ ಕೈಗೆ ಕೊಟ್ಟಿತ್ತು. ಅದು ಟಂಗ್‌ಸ್ಟನ್ ಲೋಹದ ಗಟ್ಟಿಗಳನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿತು, ಕೇಳಿದವರಿಗೆಲ್ಲ ರಿಯಾಯಿತಿ ಕೂಪನ್ ಹಂಚಿತು, ಇಲ್ಲದ ಖಾತೆಗೆ ಹಣ ಹಾಕಲು ಗಿರಾಕಿಗಳಿಗೆ ಹೇಳಿತು. ಅಂಗಡಿ ನಷ್ಟದಲ್ಲಿ ಮುಗಿಯಿತು. ಮುಂದಿನ ಹಂತದಲ್ಲಿ ಅದರ ಮೇಲೆ ಇನ್ನೊಂದು ಎಐಯನ್ನು ಯಜಮಾನನಾಗಿ ಕೂರಿಸಿದರು. ಹೆಚ್ಚು ಕೆಲಸಕ್ಕೆ ಬಂದದ್ದು ಆ ಯಜಮಾನ ಎಐ ಅಲ್ಲ; ಬೆಲೆ ಹೇಳುವ ಮೊದಲು ಕೊಂಡ ದರ, ಸಾಮಾನು ಬರುವ ದಿನ ನೋಡಲೇಬೇಕು ಎಂಬ ಕಡ್ಡಾಯದ ಕ್ರಮ. ಹೋಂಸ್ಟೇಗೂ ಅದೇ ಬೇಕು. ಕೋಣೆಗೊಂದು ಕನಿಷ್ಠ ದರ ಹಾಕಿ ಬೀಗ ಹಾಕಿಸಿ. ಅದಕ್ಕಿಂತ ಕೆಳಗಿನ ದರದಲ್ಲಿ ಪೇಮೆಂಟ್ ಲಿಂಕೇ ಹುಟ್ಟಬಾರದು. ವಾರದ ನಡುವಿನ ಖಾಲಿ ದಿನಕ್ಕೆ ಎಷ್ಟು ಇಳಿಸಬಹುದು ಎಂಬ ಪಟ್ಟಿಯನ್ನು ಮಾಲೀಕರೇ ಬರೆದುಕೊಡಿ.

ಹಳೆಯ ತಿಳಿವಳಿಕೆ ಇನ್ನೊಂದು ದೊಡ್ಡ ಕಾಟ. ಮಾಡೆಲ್ ಕಲಿತದ್ದು ಒಂದು ದಿನಾಂಕದವರೆಗಿನ ಬರಹಗಳಿಂದ, ಅದರ ಆಚೆಯದ್ದು ಗೊತ್ತಿಲ್ಲ. ಗೊತ್ತಿಲ್ಲ ಎಂದೂ ಹೇಳುವುದಿಲ್ಲ. ಸಿಗಂದೂರಿಗೆ ಹೋಗುವುದು ಹೇಗೆ ಎಂದು ಕೇಳಿದ ಅತಿಥಿಗೆ ಅದು ಅಂಬಾರಗೊಡ್ಲಿನಲ್ಲಿ ಲಾಂಚ್ (ಶರಾವತಿ ಹಿನ್ನೀರು ದಾಟಿಸುವ ದೋಣಿ) ಹಿಡಿಯಿರಿ, ಸಂಜೆ ಕೊನೆಯ ಲಾಂಚ್ ತಪ್ಪಿಸಬೇಡಿ, ರಜಾ ದಿನ ಕ್ಯೂ ಇರುತ್ತೆ ಎಂದು ಸೊಗಸಾಗಿ ವಿವರಿಸಿತು. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗಿದೆ, ಗಾಡಿ ಸೀದಾ ಹಿನ್ನೀರಿನ ಮೇಲೆ ಹೋಗುತ್ತೆ. ದಶಕಗಳ ಕಾಲ ಲಾಂಚ್ ಬಗ್ಗೆ ಬರೆದ ಪ್ರವಾಸ ಲೇಖನಗಳ ರಾಶಿಯ ಮುಂದೆ ಸೇತುವೆಯ ಸುದ್ದಿ ಇನ್ನೂ ಚಿಕ್ಕದು, ಅದಕ್ಕೇ ಮಾಡೆಲ್ ಲಾಂಚಿನ ಕಡೆ ವಾಲುತ್ತೆ. ಜಿಎಸ್‌ಟಿಯಲ್ಲೂ ಹೀಗೇ. ದಿನಕ್ಕೆ ₹7,500ರವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ 5%, ಇನ್‌ಪುಟ್ ಕ್ರೆಡಿಟ್ (ಮಾಲೀಕರು ಕೊಂಡದ್ದಕ್ಕೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ) ಇಲ್ಲ. ಏಜೆಂಟ್ ಮಾತಿನಲ್ಲಿ ಹಳೆಯ 12% ಹೇಳುತ್ತಿತ್ತು, ಬಿಲ್ಲಿನಲ್ಲಿ 5% ಬರುತ್ತಿತ್ತು; ಅತಿಥಿಗೆ ಗೊಂದಲ, ಮಾಲೀಕರಿಗೆ ಫೋನು. ಮದ್ದು ಇಷ್ಟೇ: ಒಂದೆರಡು ಪುಟದ "ಮನೆ ಪುಸ್ತಕ" ಬರೆದು ಏಜೆಂಟ್ ಅದರಿಂದ ಮಾತ್ರ ಉತ್ತರ ಕೊಡುವಂತೆ ಕಟ್ಟಿಸುವುದು. ದಾರಿ, ತೆರಿಗೆ, ಜೋಗದಲ್ಲಿ ನೀರಿದೆಯೋ ಇಲ್ಲವೋ, ಕೊಡಚಾದ್ರಿ ಜೀಪ್ ಬಾಡಿಗೆ, ಚಾರಣಕ್ಕೆ ಅನುಮತಿ ಇದೆಯೋ ಇಲ್ಲವೋ ಎಲ್ಲಾ ಅದರಲ್ಲಿರಲಿ. ಪ್ರತಿ ಸಾಲಿನ ಮುಂದೆ ಕೊನೆಗೆ ತಿದ್ದಿದ ತಾರೀಖು ಇರಲಿ. ಪುಸ್ತಕದಲ್ಲಿ ಇಲ್ಲದ್ದಕ್ಕೆ "ಕೇಳಿ ಹೇಳ್ತೀವಿ" ಎಂಬ ಉತ್ತರ ಸಾಕು.

ಅಡುಗೆಮನೆ ಈ ಸೇವೆಯ ನಿಜವಾದ ಪರೀಕ್ಷೆ. ಲೆಕ್ಕ ಹಾಕುವುದು ಅದಕ್ಕೆ ಲೀಲಾಜಾಲ. ಹನ್ನೆರಡು ಜನ, ದಿನಕ್ಕೆ ತಲಾ ಮೂರು ಕಾಫಿ, ಒಂದಕ್ಕೆ 80 ಮಿಲಿಲೀಟರ್ ಹಾಲು ಅಂದರೆ ಸುಮಾರು 2.9 ಲೀಟರ್, ಮಜ್ಜಿಗೆ, ತಂಬುಳಿಗೆ ಬೇಕಾದ ಮೊಸರು ಬೇರೆ. ನೀರುದೋಸೆಗೆ ತಲಾ 90 ಗ್ರಾಂ ಅಕ್ಕಿ ಹಿಡಿದರೆ ಒಂದು ಕಿಲೋ ಚಿಲ್ಲರೆ. ಈ ಲೆಕ್ಕಗಳು ತಪ್ಪಲಿಲ್ಲ, ಪೋಲಾಗುವ ಅನ್ನವೂ ಕಣ್ಣಿಗೆ ಕಾಣುವಷ್ಟು ಇಳಿಯಿತು. ತಪ್ಪಿದ್ದು ಹೊತ್ತಿನಲ್ಲಿ. ರಾತ್ರಿ ಹನ್ನೊಂದಕ್ಕೆ "ಬೆಳಿಗ್ಗೆ ಇನ್ನೂ ನಾಲ್ಕು ಜನ ತಿಂಡಿಗೆ" ಅಂದರೆ ಏಜೆಂಟ್ ಒಪ್ಪಿಕೊಂಡಿತು. ಅಕ್ಕಿ ನೆನೆಸಿ ಆಗಿತ್ತು, ಅಡುಗೆಯವರು ಮಲಗಿದ್ದರು. ತಿಂಡಿಗೆ ರಾತ್ರಿ ಎಂಟು, ರಾತ್ರಿ ಊಟಕ್ಕೆ ಸಂಜೆ ನಾಲ್ಕು ಎಂಬ ಗಡುವನ್ನು ಪ್ರೋಗ್ರಾಮಿನಲ್ಲಿ ಹಾಕಿದ ಮೇಲೆ ನಿಂತಿತು.

ಮಾತಿನ ತೊಡಕು ಇನ್ನೂ ಸೂಕ್ಷ್ಮ. ಅಡುಗೆಯವರು ಟೈಪ್ ಮಾಡುವುದಿಲ್ಲ, ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಸಾಗರದ ಸುತ್ತ ಹವ್ಯಕ ಮನೆಮಾತಿನಲ್ಲಿ "ಇಲ್ಲೆ" ಅಂದರೆ ಇಲ್ಲ ಎಂದರ್ಥ. "ಹಾಲು ಇಲ್ಲೆ" ಎಂಬ ಧ್ವನಿಯನ್ನು ಯಂತ್ರ "ಹಾಲು ಇಲ್ಲೇ" ಎಂದು ಬರೆದುಕೊಂಡಿತು, ಹಾಲು ಇಲ್ಲೇ ಇದೆ ಎಂದು ತಿಳಿದು ಅಂಗಡಿಗೆ ಹೋಗಬೇಕಿದ್ದ ಆರ್ಡರ್ ರದ್ದು ಮಾಡಿತು. ಬೆಳಗಿನ ಕಾಫಿಗೆ ಹಾಲಿಲ್ಲ. ಒಂದು ಸ್ವರದ ಹ್ರಸ್ವ–ದೀರ್ಘದಲ್ಲಿ ಅರ್ಥ ತಿರುಗುಮುರುಗು. ಅಳತೆಯಲ್ಲೂ ಹಾಗೇ: "ಎರಡು ಸೇರು ಅಕ್ಕಿ ಹಾಕಿದೀನಿ" ಅಂದರೆ ಅದು ಎರಡು ಕಿಲೋ ಎಂದು ಬರೆದುಕೊಳ್ಳುತ್ತೆ. ಸೇರು ತುಂಬಿಸಿ ಅಳೆಯುವ ಪಾತ್ರೆ, ಮನೆಯಿಂದ ಮನೆಗೆ ಅದರ ಗಾತ್ರ ಬೇರೆ. ಆ ಮನೆಯ ಸೇರಿನಲ್ಲಿ ಅಕ್ಕಿ, ಬೇಳೆ, ಸಕ್ಕರೆ ತುಂಬಿ ಒಂದು ಸಲ ತೂಕ ಮಾಡಿ ಪುಸ್ತಕಕ್ಕೆ ಸೇರಿಸಿ, ಅರ್ಧ ಗಂಟೆಯ ಕೆಲಸ. "ಇದೆ–ಇಲ್ಲ" ಪ್ರಶ್ನೆಗಳಿಗೆ ವಾಯ್ಸ್ ಬೇಡವೇ ಬೇಡ. ವಾಟ್ಸಾಪ್‌ನಲ್ಲಿ ಒಂದು ಸಂದೇಶದ ಕೆಳಗೆ ಮೂರು ಬಟನ್ ಇಡಬಹುದು: "ಇದೆ", "ತರಬೇಕು", "ಫೋನ್ ಮಾಡಿ". ಒತ್ತಿದರೆ ಮುಗಿಯಿತು.

ಕೆಲಸದವರಿಗೆ ಏಜೆಂಟ್ ಬರೆಯುವ ಕನ್ನಡವನ್ನೂ ತಿದ್ದಬೇಕು. ಮೊದಲ ದಿನಗಳಲ್ಲಿ "ದಯವಿಟ್ಟು ನಾಳಿನ ಉಪಾಹಾರದ ಸಿದ್ಧತೆಯನ್ನು ಖಚಿತಪಡಿಸಿ" ಎಂದು ಸರ್ಕಾರಿ ನೋಟಿಸಿನ ಹಾಗೆ ಬರೆಯುತ್ತಿತ್ತು. ಹತ್ತು ಮಾದರಿ ಸಂದೇಶ ಕೊಟ್ಟ ಮೇಲೆ ಸರಿಹೋಯಿತು: "ಅಕ್ಕ, ನಾಳೆ ಬೆಳಿಗ್ಗೆ ತಿಂಡಿ 12 ಜನ. ಅದರಲ್ಲಿ ಮಕ್ಕಳು 2. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು 3." ಓದಲು ನಾಲ್ಕು ಸೆಕೆಂಡು, ಇಷ್ಟು ಸಾಕು.

ಬೆಡ್‌ಶೀಟಿನ ವಿಷಯ ಮಾರಾಟಗಾರರು ಯಾರೂ ಹೇಳುವುದಿಲ್ಲ. ಏಜೆಂಟ್ ಕೋಣೆಗೆ ಎರಡು ಜೊತೆ ಎಂದು ಲೆಕ್ಕ ಹಿಡಿದು, ಒಬ್ಬರು ಹನ್ನೊಂದಕ್ಕೆ ಹೋದರೆ ಇನ್ನೊಬ್ಬರಿಗೆ ಒಂದು ಗಂಟೆಗೆ ಕೋಣೆ ಕೊಡುತ್ತೆ. ಫೆಬ್ರವರಿಯಲ್ಲಿ ಇದು ನಡೆಯುತ್ತೆ. ಜುಲೈ, ಆಗಸ್ಟಿನಲ್ಲಿ ಶೀಟು ಒಣಗಲು ಎರಡು ಮೂರು ದಿನ ಬೇಕು, ಬಚ್ಚಲೊಲೆಯ ಶಾಖದಲ್ಲಿ ಹರವಿದರೂ ಒಂದು ದಿನ. ಮಳೆಗಾಲಕ್ಕೆ ಕೋಣೆಗೆ ನಾಲ್ಕು ಜೊತೆ ಇಡಿ, ಇಲ್ಲವೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಕೋಣೆಗೆ ಬೆನ್ನುಬೆನ್ನಿಗೆ ಬುಕಿಂಗ್ ಕೊಡದಂತೆ ನಿಯಮ ಹಾಕಿ. ಹಸಿ ವಾಸನೆಯ ಶೀಟು ಒಂದು ಸಲ ಸಿಕ್ಕರೆ ಆ ಕುಟುಂಬ ಮತ್ತೆ ಬರುವುದಿಲ್ಲ.

ಇನ್ನು ಕರೆಂಟು. ಮಲೆನಾಡಿನಲ್ಲಿ ಈ ಸೇವೆ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಮನೆಯ ವೈಫೈ ಸಾಯುತ್ತೆ, ಮೂರ್ನಾಲ್ಕು ಗಂಟೆಯಲ್ಲಿ ಮೊಬೈಲ್ ಟವರಿನ ಬ್ಯಾಟರಿಯೂ ಇಳಿಯಬಹುದು. ಏಜೆಂಟ್ ಮಾತ್ರ ಎಲ್ಲೋ ದೂರದ ಸರ್ವರಿನಲ್ಲಿ ಎಚ್ಚರವಾಗೇ ಇರುತ್ತೆ. ಮನೆ ಕತ್ತಲಲ್ಲಿ, ಪಂಪು ಓಡದೆ ಟ್ಯಾಂಕಿನಲ್ಲಿ ನೀರಿಲ್ಲದೆ ಕೂತಿರುವಾಗ ಅದು ಬೆಂಗಳೂರಿನ ಅತಿಥಿಗೆ "ಎಲ್ಲಾ ಸಿದ್ಧವಿದೆ, ಬನ್ನಿ" ಎನ್ನುತ್ತಿರುತ್ತೆ. ಅಡುಗೆಯವರಿಗೆ ಸಂದೇಶ ತಲುಪಿಲ್ಲ ಎಂಬುದು ಅದರ ಗಮನಕ್ಕೇ ಬರುವುದಿಲ್ಲ, ಕಳಿಸಿದ್ದನ್ನು ತಲುಪಿದ್ದು ಎಂದು ಹಿಡಿಯುವಂತೆ ಕಟ್ಟಿರುತ್ತಾರೆ.

ಸರಿಪಡಿಸುವ ಕ್ರಮ ಹೀಗಿದೆ. ರೂಟರಿಗೆ ಒಂದು ಚಿಕ್ಕ ಯುಪಿಎಸ್ ಹಾಕಿ. ಮನೆಯಲ್ಲೇ ಇರುವ ಹಳೆ ಆಂಡ್ರಾಯ್ಡ್ ಫೋನೊಂದು ಐದು ನಿಮಿಷಕ್ಕೊಮ್ಮೆ ಸರ್ವರಿಗೆ "ಇದ್ದೀನಿ" ಎಂಬ ಸಂಕೇತ ಕಳಿಸಲಿ. ಮೂರು ಸಂಕೇತ ತಪ್ಪಿದರೆ, ಅಂದರೆ ಹದಿನೈದು ನಿಮಿಷ ಮನೆಯ ಸುಳಿವಿಲ್ಲದಿದ್ದರೆ, ಏಜೆಂಟ್ ಆ ದಿನದ ಮತ್ತು ಮರುದಿನದ ಬುಕಿಂಗ್ ಖಚಿತ ಮಾಡುವುದನ್ನು ನಿಲ್ಲಿಸಿ ಕೋರಿಕೆ ಮಾತ್ರ ಬರೆದುಕೊಳ್ಳಬೇಕು. ಜೊತೆಗೆ ಮಾಲೀಕರಿಗೂ ಅಡುಗೆಯವರಿಗೂ ಸಾದಾ ಎಸ್‌ಎಂಎಸ್ ಮತ್ತು ಒಂದು ಆಟೋಮ್ಯಾಟಿಕ್ ಕರೆ ಹೋಗಬೇಕು; ಡೇಟಾ ಸತ್ತಾಗಲೂ ಎಸ್‌ಎಂಎಸ್ ತಲುಪುವ ಸಂಭವ ಹೆಚ್ಚು. ದುಡ್ಡು ಕೊಡುವ ಮುಂಚೆ ಮಾರಾಟಗಾರನ ಎದುರೇ ಮೇನ್ ಸ್ವಿಚ್, ರೂಟರ್ ಎರಡನ್ನೂ ಆಫ್ ಮಾಡಿ ಇದನ್ನು ಪರೀಕ್ಷಿಸಿ. ಈ ಸೇವೆಯಲ್ಲಿ ಇದು ಇರಲಿಲ್ಲ, ಕೇಳಿದ ಮೇಲೆ ಸೇರಿಸಿದರು.

ವಾಟ್ಸಾಪ್‌ನದೇ ಒಂದು ಕಟ್ಟುಪಾಡಿದೆ. ಅತಿಥಿ ಕೊನೆಯ ಸಲ ಬರೆದ 24 ಗಂಟೆಯೊಳಗೆ ಮಾತ್ರ ಏಜೆಂಟ್ ತನ್ನ ಮಾತಿನಲ್ಲಿ ಬರೆಯಬಹುದು. ಆಮೇಲೆ ವಾಟ್ಸಾಪ್‌ನಿಂದ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ (ಸಿದ್ಧ ಮಾದರಿಯ) ಸಂದೇಶ ಮಾತ್ರ ಹೋಗುತ್ತೆ. ಸೋಮವಾರ ಬುಕ್ ಮಾಡಿದವರಿಗೆ ಶುಕ್ರವಾರ ಕಳಿಸಿದ "ರಸ್ತೆ ಮೇಲೆ ಮರ ಬಿದ್ದಿದೆ, ಬೇರೆ ದಾರಿ ಹಿಡಿಯಿರಿ" ಎಂಬ ಸಂದೇಶ ಇದೇ ಕಾರಣಕ್ಕೆ ಹೋಗಲಿಲ್ಲ, ತಪ್ಪಿದ ಗುರುತು ಲಾಗ್‌ನಲ್ಲಿ (ಪ್ರೋಗ್ರಾಮಿನ ಒಳದಾಖಲೆಯಲ್ಲಿ) ಮಾತ್ರ ಇತ್ತು. ದಾರಿ, ಕರೆಂಟು, ಆಗಮನದ ಹೊತ್ತು, ಇವುಗಳಿಗೆ ಟೆಂಪ್ಲೇಟ್‌ಗಳನ್ನು ಮುಂಚೆಯೇ ಒಪ್ಪಿಸಿಡಿ.

ಬೆಳಗಿನ ಜಾವದ ಅತಿಥಿಗಳ ವಿಷಯದಲ್ಲಿ ಯಂತ್ರ ಮನಸ್ಸು ನೋಯಿಸುತ್ತೆ. ಬೆಂಗಳೂರಿನ ರಾತ್ರಿ ಬಸ್ಸು, ರೈಲು ಸಾಗರ ತಲುಪುವುದು ಕೋಳಿ ಕೂಗುವ ಹೊತ್ತಿಗೆ. ಚೆಕ್‌ಇನ್ ಮಧ್ಯಾಹ್ನ ಹನ್ನೆರಡಕ್ಕೆ ಎಂದು ನಿಯಮ ಇದ್ದರೆ ಏಜೆಂಟ್ ಮಗು ಎತ್ತಿಕೊಂಡು ನಿಂತವರಿಗೂ ಅದನ್ನೇ ಹೇಳುತ್ತೆ. ಮನೆಯವರಾದರೆ ಒಳಗೆ ಕರೆದು ಬಿಸಿನೀರು ತೋರಿಸಿ ಕಾಫಿ ಕೊಡುತ್ತಾರೆ. "ಹಿಂದಿನ ರಾತ್ರಿ ಕೋಣೆ ಖಾಲಿ ಇದ್ದರೆ ಬಂದ ಕೂಡಲೇ ಕೊಡು, ಖಾಲಿ ಇಲ್ಲದಿದ್ದರೆ ಜಗಲಿ, ಸ್ನಾನ, ಕಾಫಿ ಕೊಡು" ಎಂದು ಬರೆದುಕೊಟ್ಟ ಮೇಲೆ ಅದು ಚೆನ್ನಾಗಿ ಪಾಲಿಸಿತು. ಮರ್ಯಾದೆಯನ್ನು ಅದು ಊಹಿಸಿ ಮಾಡಲಾರದು, ಬರೆದುಕೊಟ್ಟರೆ ಮಾಡುತ್ತೆ.

ಜೀವದ ವಿಷಯ ಬಂದಾಗ ಏಜೆಂಟ್ ಮಧ್ಯೆ ಇರಲೇಬಾರದು. ಹಾವು, ಜ್ವರ, ಎದೆನೋವು, ಬಿದ್ದ, ನೀರಿಗೆ ಹೋದ ಎಂಬ ಪದಗಳು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬಂದ ಕ್ಷಣ ಸಂದೇಶ ಮಾಡೆಲ್‌ಗೆ ಹೋಗದೆ ಮನೆಯಲ್ಲಿರುವವರ ಫೋನ್ ಬಡಿಯಬೇಕು, ಅತಿಥಿಗೆ 108 ಆಂಬ್ಯುಲೆನ್ಸ್ ನಂಬರ್ ತೋರಿಸಬೇಕು. ಬೇಸಿಗೆಯಲ್ಲಿ ಇನ್ನೊಂದು: ಕಾಡಿನ ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ಜ್ವರ 2019ರಲ್ಲಿ ಸಾಗರದ ಅರಳಗೋಡು ಭಾಗವನ್ನು ಹೇಗೆ ಕಾಡಿತು ಎಂಬುದು ಇಲ್ಲಿಯವರಿಗೆ ನೆನಪಿದೆ. ಏಜೆಂಟ್ ಫೆಬ್ರವರಿಯಲ್ಲೂ "ಕಾಡಿನೊಳಗೆ ನಡೆದಾಡಿ ಬನ್ನಿ" ಎಂದು ಉತ್ಸಾಹದಿಂದ ಸಲಹೆ ಕೊಡುತ್ತಿತ್ತು. ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಕಾಡಿನ ಸಲಹೆ ಪೂರ್ತಿ ಬಂದ್ ಮಾಡಿ, ಆರೋಗ್ಯ ಇಲಾಖೆಯ ಸೂಚನೆ ನೋಡಿ ಮನೆಯವರೇ ತೆರೆಯಬೇಕು.

ಕಾನೂನಿನಲ್ಲಿ ಗುಮಾನಿಯೇ ಇಲ್ಲ. ಏಜೆಂಟ್ ಹೇಳಿದ್ದು ಮಾಲೀಕರು ಹೇಳಿದ ಹಾಗೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಯಾರ ಪರವಾಗಿ ತಾನಾಗಿ ನಡೆಯುವ ವ್ಯವಸ್ಥೆ ಸಂದೇಶ ಕಳಿಸುತ್ತೋ ಅದು ಅವರದೇ ಸಂದೇಶ. ಹೋಂಸ್ಟೇಯನ್ನು ಕಂಪನಿ ಮಾಡಿ ಏಜೆಂಟನ್ನೇ ನಿರ್ದೇಶಕನಾಗಿ ಕೂರಿಸಿ ತಪ್ಪಿಸಿಕೊಳ್ಳಲೂ ಆಗದು, 2013ರ ಕಂಪನಿ ಕಾಯ್ದೆಯ 149ನೇ ಸೆಕ್ಷನ್‌ನಂತೆ ನಿರ್ದೇಶಕರು ಮನುಷ್ಯರೇ ಆಗಿರಬೇಕು. ಕೆನಡಾದಲ್ಲಿ ಏರ್ ಕೆನಡಾದ ಚಾಟ್‌ಬಾಟ್ ಟಿಕೆಟ್ ದರದ ಬಗ್ಗೆ ತಪ್ಪು ಹೇಳಿತ್ತು. ಚಾಟ್‌ಬಾಟ್ ಮಾತಿಗೆ ಚಾಟ್‌ಬಾಟೇ ಹೊಣೆ ಎಂಬ ಕಂಪನಿಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ ಪ್ರಯಾಣಿಕನಿಗೆ ಪರಿಹಾರ ಕೊಡಿಸಿತು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಿ ಸರ್ಕಾರಕ್ಕೆ ಕಳಿಸಬೇಕು. ಏಜೆಂಟ್ ನೆನಪಿಸಲಿ, ಪಾಸ್‌ಪೋರ್ಟ್ ನೋಡಿ ಕಳಿಸುವುದು ಮನುಷ್ಯರೇ. ಆಧಾರ್ ಕೇಳುವಾಗ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿಯನ್ನೇ ಕೇಳುವಂತೆ ಬರೆಸಿ, ಇಲ್ಲವಾದರೆ ವಾಟ್ಸಾಪ್ ತುಂಬಾ ಜನರ ಪೂರ್ತಿ ಆಧಾರ್ ಕೂತಿರುತ್ತೆ.

ಖರ್ಚು ಮೂರು ಕಡೆಯಿಂದ ಬರುತ್ತೆ: ತಿಂಗಳ ಬಾಡಿಗೆ, ವಾಟ್ಸಾಪ್ ಟೆಂಪ್ಲೇಟ್ ಸಂದೇಶಗಳು, ಮಾಡೆಲ್ ಬಳಕೆ. ಕೊನೆಯದು ಮೋಸ ಮಾಡುತ್ತೆ. ಪ್ರತಿ ಉತ್ತರಕ್ಕೂ ಅಲ್ಲಿವರೆಗಿನ ಇಡೀ ಮಾತುಕತೆ ಮತ್ತು ಮನೆ ಪುಸ್ತಕ ಮತ್ತೆ ಮಾಡೆಲ್‌ಗೆ ಹೋಗುತ್ತೆ, ಹಾಗಾಗಿ ಇಪ್ಪತ್ತನೇ ಸಂದೇಶ ಮೊದಲನೆಯದಕ್ಕಿಂತ ಎಷ್ಟೋ ಪಾಲು ದುಬಾರಿ. ಬುಕ್ ಮಾಡದೆ ಹರಟುವವರಿಂದಲೇ ಬಿಲ್ ಏರುತ್ತೆ. ದಿನದ ಮಿತಿ ಹಾಕಿಸಿ, ಹದಿನೈದು ಸಂದೇಶ ದಾಟಿದರೆ ಫೋನ್ ನಂಬರ್ ಕೊಟ್ಟು ಮುಗಿಸುವಂತೆ ಮಾಡಿ.

ಜೋಡಿಸುವಾಗ ಮೊದಲ ಹದಿನೈದು ದಿನ ಏಜೆಂಟ್ ಉತ್ತರ ಬರೆಯಲಿ, ಕಳಿಸುವುದು ಬೇಡ. ಮನೆಯವರು ಓದಿ ಒತ್ತಿದರೆ ಮಾತ್ರ ಹೋಗಲಿ. ತಿದ್ದಿದ ಪ್ರತಿ ಉತ್ತರವನ್ನೂ ಪುಸ್ತಕಕ್ಕೆ ಸೇರಿಸಿ. ಹದಿನಾರನೇ ದಿನದಿಂದ ದರ, ಖಾಲಿ ಕೋಣೆ, ದಾರಿ, ಊಟದ ಪ್ರಶ್ನೆಗಳನ್ನು ಅದಕ್ಕೇ ಬಿಡಿ. ಹಣ ವಾಪಸ್, ಕನಿಷ್ಠ ದರಕ್ಕಿಂತ ಕೆಳಗಿನ ರಿಯಾಯಿತಿ, ಕೆಲಸದವರ ರಜೆ, ಸಂಬಳ ಕಡಿತ ಈ ನಾಲ್ಕನ್ನು ಯಾವ ಕಾಲಕ್ಕೂ ಬಿಡಬೇಡಿ. ರಜೆ ಕೇಳುವಾಗ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿ ಉತ್ತರ ಕೊಡುವವರು ಬೇಕು. ಅಡುಗೆಯವರು ಯಂತ್ರದ ಹತ್ತಿರ ಬೇಡುವ ಹಾಗೆ ಆಗಬಾರದು.

ಮಾಲೀಕರೇ ಅದೇ ಮನೆಯಲ್ಲಿ ವಾಸ ಇದ್ದು, ದಿನಕ್ಕೆ ಇಪ್ಪತ್ತು ವಿಚಾರಣೆಗೆ ಉತ್ತರ ಕೊಟ್ಟು ಸಾಕಾಗಿದ್ದರೆ ಈ ಸೇವೆ ಕೊಳ್ಳಬಹುದು, ಕೊನೆಗೊಳ್ಳದ ಫೋನು ನಿಲ್ಲುತ್ತೆ. ಬೆಂಗಳೂರಿನಲ್ಲಿ ಕೂತು ಹಿನ್ನೀರಿನಾಚೆಯ ತುಮರಿ ಕಡೆಯ ಮನೆಯನ್ನು ಅಡುಗೆಯವರೊಬ್ಬರ ಮೇಲೆ ಬಿಟ್ಟು ನಡೆಸಬೇಕೆಂದಿದ್ದರೆ ಬೇಡ. ಎರಡು ಮೂರು ಕೋಣೆಯ ಮನೆಗೂ ಬೇಡ. ಅಲ್ಲಿ ಒಂದು ಡೈರಿ, ಒಂದು ಫೋನು ಸಾಕು. ಕೊಳ್ಳುವವರು ಒಂದು ವರ್ಷದ ಹಣ ಒಟ್ಟಿಗೆ ಕಟ್ಟದೆ, ಜೂನ್‌ನಿಂದ ಆಗಸ್ಟ್‌ವರೆಗೆ ಮೂರು ತಿಂಗಳು ಪ್ರಯೋಗಕ್ಕೆ ಕೇಳಿ.